ಪದಚರ್ಚೆ: ‘ಬುಷ್ ಕ್ಯಾಂಪಿಂಗ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಮೆಲ್ಬರ್ನ್‌ನಿಂದ:
ಎಲ್ಲರಿಗೂ ನಮಸ್ಕಾರ. ಇಲ್ಲಿನ ಕೆಲವು ಕನ್ನಡ ಕುಟುಂಬಗಳು ಈಸ್ಟರ್ ರಜೆಗೆ ಬಾರ್ಮಾ ನ್ಯಾಷನಲ್ ಪಾರ್ಕಿಗೆ ಹೊರಟಿದ್ದೇವೆ. ಮರ್ರೆ ನದಿಯ ದಂಡೆ, ವಿಕ್ಟೋರಿಯಾದ ಉತ್ತರದ ಅಂಚು. 2010ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು, ಇಲ್ಲಿನ ಮೂಲನಿವಾಸಿಗಳಾದ ಯೊರ್ಟಾ ಯೊರ್ಟಾ ಜನರ ನೆಲ. ಊರಿಂದ ಬಂದಿರುವ ಅಪ್ಪ ಅಮ್ಮಂದಿರೂ ಜೊತೆಗಿರುವುದರಿಂದ ಒಂದು ಪುಟದ ಸೂಚನೆ ಕನ್ನಡದಲ್ಲಿ ಬೇಕಾಗಿದೆ. ನಾಳೆ ಸಂಜೆ ಪ್ರಿಂಟಿಗೆ ಕೊಡಬೇಕು, ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ. ‘ಬುಷ್ ಕ್ಯಾಂಪಿಂಗ್’ ಅಂದರೆ ಇಲ್ಲಿ ಕಾಡಲ್ಲಿ ಟೆಂಟ್ ಹಾಕುವುದಷ್ಟೇ ಅಲ್ಲ. ನಲ್ಲಿಯಿಲ್ಲ, ಕಸದ ಡಬ್ಬಿಯಿಲ್ಲ, ಕಕ್ಕಸಿಲ್ಲ; ಎಲ್ಲ ನೀವೇ ಹೊತ್ತು ತಂದು ನೀವೇ ಹೊತ್ತೊಯ್ಯಬೇಕು. ಯಂತ್ರಾನುವಾದ ಕೊಟ್ಟದ್ದು ‘ಪೊದೆ ಶಿಬಿರ’.

ಮೈಸೂರಿನಿಂದ:
ಕಾಡುವೀಡು. ಕೆಡು-ಕೇಡು, ಪಡು-ಪಾಡು, ಹಾಗೇ ಬಿಡು-ಬೀಡು. ಸಮಾಸದಲ್ಲಿ ಬಕಾರಕ್ಕೆ ವಕಾರ, ನೆಲೆವೀಡಿನ ಹಾಗೆ. ಶಾಸನಗಳ ತುಂಬ ಅರಸರು ನೆಲೆವೀಡಿನೊಳ್ ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಾರೆ. ಇಷ್ಟು ಒಳ್ಳೆಯ ಅಚ್ಚಗನ್ನಡದ ಮಾತಿರುವಾಗ ‘ಶಿಬಿರ’ದ ಹಂಗೇಕೆ?

ಶಿವಮೊಗ್ಗದಿಂದ:
ಆ ಅರಸರಿಗೆ ಆಳುಕಾಳು ಇದ್ದರು. ‘ಕಾಡುವೀಡು’ ನೋಡಿದವರು ಯಾರದೋ ತಮಿಳರ ಮನೆ ಅಂದುಕೊಳ್ಳುತ್ತಾರೆ. ಆದೇಶಸಂಧಿ ಅಷ್ಟು ಕಟ್ಟುನಿಟ್ಟಾದರೆ ಹಳೇಬೀಡು ಯಾಕೆ ಹಳೇವೀಡು ಆಗಲಿಲ್ಲ? ಸುಮ್ಮನೆ ‘ಕಾಡು ಬಿಡಾರ’ ಅನ್ನಿ. ನಮ್ಮ ಸಕ್ರೆಬೈಲಿನಲ್ಲಿ, ತುಂಗೆಯ ದಂಡೆಯಲ್ಲೇ, ಆನೆ ಬಿಡಾರ ಇದೆ. ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ‘ಬೀಡುಬಿಡು’ ಈಗ ಪೇಪರಿನವರ ಪಾಲಾಗಿದೆ: ಕಾಫಿ ತೋಟದಲ್ಲಿ ಬೀಡುಬಿಟ್ಟ ಕಾಡಾನೆ ಹಿಂಡು, ಗ್ರಾಮಸ್ಥರಲ್ಲಿ ಆತಂಕ.

ಮೈಸೂರಿನಿಂದ:
ಬಿಡಾರ ಮರಾಠಿಯ ಬಿರ್‍ಹಾಡ. ಕೈಬಿಡಿ.

ಧಾರವಾಡದಿಂದ:
ಅವರೇ ನಮ್ಮಿಂದ ಒಯ್ದಿರಬಾರದೇನ್ರೀ? ಎರಡೂ ಕಡೆ ಇರೋ ಪದ ಆಚೆಯಿಂದನಽ ಬಂತು ಅನ್ನೋ ಚಾಳಿ ಮೊದಲು ಬಿಡ್ರಿ.

ಸಿಂಧನೂರಿನಿಂದ:
‘ಕ್ಯಾಂಪ್’ ಯಾವತ್ತೋ ಕನ್ನಡವಾಗಿದೆ. ತುಂಗಭದ್ರೆಯ ಕಾಲುವೆ ಬಂದಮೇಲೆ ಹುಟ್ಟಿದ ಎಷ್ಟೋ ಊರುಗಳ ಹೆಸರಲ್ಲೇ ಕ್ಯಾಂಪ್ ಇದೆ. ಬಾಂಗ್ಲಾ ನಿರಾಶ್ರಿತರ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳೂ ಇಲ್ಲೇ. ಆದರೆ ಒಂದು ತೊಡಕು: ನಮ್ಮ ಕಡೆಯ ಅಜ್ಜನಿಗೆ ‘ಕ್ಯಾಂಪಿಗೆ ಹೋಗೋಣ’ ಅಂದರೆ ನೆಂಟರೂರಿಗೆ ಅಂತ ಅಂಗಿ ಹಾಕಿಕೊಂಡು ನಿಲ್ಲುತ್ತಾನೆ.

ಸಾಗರದಿಂದ:
ತಲೆಬರಹಕ್ಕೆ ಇಷ್ಟು ಹೊಡೆದಾಟ ಸಾಕು. ಸೂಚನೆಯಲ್ಲಿ ಮರದ ಬಗೆಗಿನ ಸಾಲನ್ನು ಹೇಗೆ ಬರೆದಿದ್ದೀರಿ? ಬಾರ್ಮಾ ಅಂದರೆ ರಿವರ್ ರೆಡ್ ಗಮ್ ಕಾಡಲ್ಲವೇ?

ಮೆಲ್ಬರ್ನ್‌ನಿಂದ:
ಹೌದು. ‘ನೀಲಗಿರಿ ಮರದ ಕೆಳಗೆ ಟೆಂಟ್ ಹಾಕಬೇಡಿ’ ಎಂದಿದೆ.

ಸಾಗರದಿಂದ:
ಅಲ್ಲೇ ಎಡವಟ್ಟು. ಕುಲ ಅದೇ, ಸಸ್ಯಶಾಸ್ತ್ರಕ್ಕೆ ತಕರಾರಿಲ್ಲ. ಆದರೆ ನಮ್ಮವರ ಕಣ್ಣಲ್ಲಿ ನೀಲಗಿರಿ ಅಂದರೆ ಕೋಲಾರದ ಕಡೆ ಸಾಲಾಗಿ ನೆಟ್ಟ ಗಳ. ನೆರಳಿಲ್ಲ, ನೀರು ಹೀರುತ್ತದೆ ಅನ್ನುವುದೇ ಅದರ ಮೇಲಿನ ದೂರು. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಹೊಳೆದಂಡೆಯ ರೆಡ್ ಗಮ್ ಆ ಥರದ ಗಳವಲ್ಲ. ನೂರಾರು ವರ್ಷ ಬದುಕುವ ಮರ, ತಬ್ಬಿದರೆ ಕೈ ಸಾಲದ ಬುಡ, ಪೊಟರೆಯಲ್ಲಿ ಗಿಳಿ ಗೂಡು. ಟೆಂಟಿಗೆ ಹೇಳಿ ಮಾಡಿಸಿದ ನೆರಳು ಅನ್ನಿಸುತ್ತದೆ. ಗಾಳಿ ಅಲುಗದ ಬಿಸಿ ಮಧ್ಯಾಹ್ನ ಅದೇ ಮರ ತೊಲೆಯಂಥ ಕೊಂಬೆಯನ್ನು ಕಳಚಿ ಹಾಕುತ್ತದೆ. ‘ಗಾಳಿ ಬಂದಾಗ ಎಚ್ಚರ’ ಅಂತ ಬರೆದಿದ್ದರೆ ಹೊಡೆದುಹಾಕಿ, ‘ಗಾಳಿಯಿಲ್ಲದಾಗಲೂ ಕೊಂಬೆ ಬೀಳುತ್ತದೆ’ ಅನ್ನಿ. ಹೆಸರು ‘ರೆಡ್ ಗಮ್’ ಅಂತಲೇ ಇರಲಿ.

ಮೈಸೂರಿನಿಂದ:
ಕೆನ್ನೀಲಗಿರಿ.

ಧಾರವಾಡದಿಂದ:
ಕೆಂಪೋ ನೀಲಿಯೋ ಒಮ್ಮೆ ಗಟ್ಟಿ ಮಾಡ್ರಿ. ‘ನೀಲ’, ‘ಗಿರಿ’ ಎರಡೂ ಸಂಸ್ಕೃತ ಅಲ್ಲೇನು? ಶಿಬಿರಕ್ಕೆ ಬಾಗಿಲು ಹಾಕಿದವರು ಕಿಟಕಿ ಯಾಕ ತೆರೆದಿಟ್ಟಿರಿ?

ಮೈಸೂರಿನಿಂದ:
ರೂಢಿಗೆ ಬಂದ ಅಂಕಿತನಾಮಕ್ಕೆ ಆ ನಿಯಮ ಹಚ್ಚುವುದಿಲ್ಲ.

ಶಿವಮೊಗ್ಗದಿಂದ:
ಹಾಗಾದರೆ ‘ಟೆಂಟ್’ಗೂ ‘ಕ್ಯಾಂಪ್’ಗೂ ರೂಢಿಯ ರಹದಾರಿ ಕೊಡಿ. ಡೇರೆಯೂ ಉತ್ತರದಿಂದ ಬಂದದ್ದೇ, ಗುಡಾರವನ್ನು ಸರ್ಕಸ್ಸಿನವರಿಗೆ ಬಿಟ್ಟು ದಶಕಗಳಾದವು. ನಿಯಮ ಸಾಲ ತಂದ ಮಾತಿಗಲ್ಲ, ನಿಮಗೆ ಹಿಡಿಸದ ಮಾತಿಗೆ.

ಮೆಲ್ಬರ್ನ್‌ನಿಂದ:
ದಯವಿಟ್ಟು, ಇನ್ನೊಂದೇ ಸಾಲು. ‘ಬೆಂಕಿಗೆ ಮಣ್ಣು ಮುಚ್ಚಬೇಡಿ, ನೀರು ಹಾಕಿ ಆರಿಸಿ.’ ನಮ್ಮ ಮನೆಯಲ್ಲೇ ಒಬ್ಬರು ‘ಆರಿಸಿ’ ನೋಡಿ ಯಾವುದನ್ನು ಆಯ್ದುಕೊಳ್ಳಬೇಕು ಅಂತ ಕೇಳಿದರು.

ಮೈಸೂರಿನಿಂದ:
ಅದು ಹಳಗನ್ನಡದ ಱಕಾರದ ಆಱಿಸು. ಱಕಾರ ಕಳೆದುಕೊಂಡದ್ದಕ್ಕೆ ದಂಡ ಇದು. ‘ನಂದಿಸಿ’ ಅನ್ನಿ.

ಸಾಗರದಿಂದ:
ನಂದಿಸಿ ಸರಿ. ಅದರ ಪಕ್ಕದಲ್ಲೇ ‘ಬೂದಿ ಮುಚ್ಚಿದ ಕೆಂಡ’ ಅಂತ ಹಾಕಿ, ಇಲ್ಲಿ ಅದು ಗಾದೆಯಲ್ಲ, ನೇರ ಅರ್ಥ. ಮಣ್ಣಿನಡಿ ಕೆಂಡ ಗಂಟೆಗಟ್ಟಲೆ ಕಾದಿರುತ್ತದೆ. ಬರಿಗಾಲ ಮಗು ಅದರ ಮೇಲೆ ಓಡುತ್ತದೆ. ಮುಟ್ಟಿದರೆ ತಣ್ಣಗಿರುವವರೆಗೂ ನೀರು ಹೊಯ್ಯಬೇಕು. ಟೋಟಲ್ ಫೈರ್ ಬ್ಯಾನ್ (ಬಯಲಲ್ಲಿ ಬೆಂಕಿ ಹಚ್ಚುವುದಕ್ಕೆ ಪೂರ್ತಿ ನಿಷೇಧ) ಘೋಷಿಸಿದ ದಿನ ಒಲೆಯನ್ನೇ ಹೂಡುವಂತಿಲ್ಲ, ಅದನ್ನೂ ಸೇರಿಸಿ.

ಮೆಲ್ಬರ್ನ್‌ನಿಂದ:
ಪ್ರಿಂಟಿಗೆ ಕೊಟ್ಟೆ. ತಲೆಬರಹ: ‘ಕಾಡು ಬಿಡಾರ: ನೀರು, ಕಕ್ಕಸು, ಕಸದ ಡಬ್ಬಿ ಇರುವುದಿಲ್ಲ’. ಮರ ‘ರೆಡ್ ಗಮ್’. ಎಲ್ಲರಿಗೂ ವಂದನೆ.

ಮೈಸೂರಿನಿಂದ:
ಬಿಡಾರದ ಬಗ್ಗೆ ನನ್ನ ಆಕ್ಷೇಪ ದಾಖಲಾಗಿರಲಿ.