ಪೆಟ್ಟಾದ ಜಾಗ ಉಜ್ಜಿದರೆ ನೋವು ಯಾಕೆ ಇಳಿಯುತ್ತದೆ?

ಪ್ರಶ್ನೆ: ಕಾಲ್ಬೆರಳು ಮೇಜಿಗೆ ಬಡಿದರೆ ಮೊದಲು ಚುಳ್ಳೆನ್ನುತ್ತದೆ, ಆಮೇಲೆ ಉರಿ ಮೆಲ್ಲಗೆ ಏರುತ್ತದೆ. ಉಜ್ಜಿದರೆ ಹಾಯೆನಿಸುತ್ತದೆ. ಇದು ಸುಮ್ನೆ ಮನಸ್ಸಿನ ಸಮಾಧಾನನಾ?

ಉತ್ತರ 1: ಖಂಡಿತ ಅಲ್ಲ. ನನಗೆ ತುಂಬಾ ಇಷ್ಟದ ವಿಷಯ ಇದು. ಚುಳ್ಳೆನ್ನುವ ಸುದ್ದಿ ತರುವುದು ಎ-ಡೆಲ್ಟಾ ನರತಂತುಗಳು, ಸೆಕೆಂಡಿಗೆ 5ರಿಂದ 30 ಮೀಟರ್ ವೇಗ. ಉರಿ ತರುವ ಸಿ ತಂತುಗಳಿಗೆ ಮಯಲಿನ್ (ಸುದ್ದಿಯ ವೇಗ ಹೆಚ್ಚಿಸುವ ಕೊಬ್ಬಿನ ಪದರ) ಹೊದಿಕೆಯೇ ಇಲ್ಲ, ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ದಾಟಲ್ಲ. ಅದಕ್ಕೇ ತಡ. ಉಜ್ಜಿದಾಗ ಸ್ಪರ್ಶದ ದಪ್ಪ ತಂತುಗಳು ಬೆನ್ನುಹುರಿಯಲ್ಲಿ ತಡೆಯುವ ನರಕೋಶಗಳನ್ನು ಎಬ್ಬಿಸುತ್ತವೆ. ನೋವಿನ ಸುದ್ದಿ ಮೇಲೆ ಹೋಗುವುದು ಕಮ್ಮಿಯಾಗುತ್ತದೆ. ವಿಜ್ಞಾನಿಗಳಾದ ಮೆಲ್ಝಾಕ್ ಮತ್ತು ವಾಲ್ 1965ರಲ್ಲಿ ಮುಂದಿಟ್ಟ 'ಗೇಟ್' ಸಿದ್ಧಾಂತ ಇದೇ: ಬೆನ್ನುಹುರಿಯ ಈ ತಡೆ ನೋವಿನ ಸುದ್ದಿಗೆ ಬಾಗಿಲಿದ್ದಂತೆ.

ಉತ್ತರ 2: ಮೆಲ್ಝಾಕ್ ಮತ್ತು ವಾಲ್ ಕೊಟ್ಟ ನಕ್ಷೆಯ ಎಲ್ಲ ವಿವರವೂ ಉಳಿದಿಲ್ಲ, ಮೂಲ ವಿಚಾರ ಉಳಿದಿದೆ. ಮಿದುಳೂ ಮೇಲಿಂದ ಈ ಗೇಟನ್ನು ಬಿಗಿ ಮಾಡುತ್ತದೆ. ಆಟದ ಭರದಲ್ಲಿ ಗಾಯ ಗೊತ್ತೇ ಆಗಲ್ಲ, ಅಲ್ವಾ?

ಪ್ರಶ್ನೆ ಕೇಳಿದವರು: ಹಾಗಾದರೆ ಗಾಯ ಮಾಗಿದ ಮೇಲೂ ನೋವು ಉಳಿಯುವವರಲ್ಲಿ ಈ ತಡೆಯೇ ಸಡಿಲವಾಗಿರುತ್ತದಾ?

ಉತ್ತರ 1: ಅದೂ ಒಂದು ಕಾರಣ. ಬೆನ್ನುಹುರಿಯ ನರಕೋಶಗಳೇ ಜಾಸ್ತಿ ಸೂಕ್ಷ್ಮವಾಗಿಬಿಡುತ್ತವೆ, ಮೆಲ್ಲಗೆ ಮುಟ್ಟಿದರೂ ನೋಯುತ್ತದೆ. ಅಂಥವರ ನೋವು ನಿಜವಾದದ್ದೇ.