ದೊಡ್ಡಪ್ಪ ಕೇಳಿದ್ದಕ್ಕೆ: ಕೊಬ್ಬು ಕೂರೋದು ಗೋಡೆಯೊಳಗೆ

ದೊಡ್ಡಪ್ಪ, ಇದು ಟೈಪ್ ಮಾಡಿ ಮುಗಿಯೋ ವಿಷಯ ಅಲ್ಲ, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ನರ್ಸಿಂಗ್ ಮಕ್ಕಳಿಗೆ ವರ್ಷವರ್ಷವೂ ಇದನ್ನೇ ಪಾಠ ಮಾಡೋಳು ನಾನು, ಶುರು ಮಾಡಿದ್ರೆ ಬಾಯಿ ನಿಲ್ಲಲ್ಲ.

ನೀವು ಬೆಳಿಗ್ಗೆ ನಮ್ಮ ಮನೆಯವರ ಗ್ರೂಪಿಗೆ ಫಾರ್ವರ್ಡ್ ಮಾಡಿದ್ರಲ್ಲ, ಅದರಲ್ಲಿ ಮೂರು ಮಾತಿದೆ. ಮೈಯಲ್ಲಿ ಒಂದು ಲಕ್ಷ ಕಿಲೋಮೀಟರ್ ರಕ್ತನಾಳ ಇದೆ. ಹಳೇ ಪೈಪಿನ ಒಳಗೆ ಕೊಳೆ ಕಟ್ಟೋ ಹಾಗೆ ಅದರೊಳಗೆ ಕೊಬ್ಬು ಕಟ್ಟುತ್ತೆ. ಅವರ ಪುಡಿ ಕುಡಿದ್ರೆ ಅದೆಲ್ಲ ಕರಗಿ ತೊಳೆದು ಹೋಗುತ್ತೆ. ಕೆಳಗೆ ನೀವು ಕೇಳಿದೀರಿ, ಹಾಗಾದ್ರೆ ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಬಹುದಾ ಅಂತ. ನಿಲ್ಲಿಸಬೇಡಿ. ಮಿಕ್ಕಿದ್ದನ್ನ ಪುರುಸೊತ್ತಾದಾಗ ಕೇಳಿದ್ರೂ ಸರಿ, ಇದೊಂದು ಮಾತು ಮಾತ್ರ ಈಗಲೇ ಕೇಳಿಸ್ಕೊಳ್ಳಿ.

ಆ ಲಕ್ಷ ಕಿಲೋಮೀಟರ್ ಕಥೆ ಮೊದಲು ಮುಗಿಸಿಬಿಡ್ತೀನಿ, ಅದು ಮಜವಾಗಿದೆ. ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಅಂತ ವಿಜ್ಞಾನಿ, ಲೋಮನಾಳ, ಅಂದ್ರೆ ಅತಿ ಸಣ್ಣ ರಕ್ತನಾಳಗಳ ಮೇಲೆ ಕೆಲಸ ಮಾಡಿ 1920ರಲ್ಲಿ ನೊಬೆಲ್ ತಗೊಂಡವರು. 1922ರ ಸುಮಾರಿಗೆ ಅವರು ಒಂದು ಅಂದಾಜು ಕೊಟ್ಟರು: ಐವತ್ತು ಕಿಲೋ ಬರೀ ಮಾಂಸಖಂಡ ಇರೋ ಮನುಷ್ಯನ ಲೋಮನಾಳಗಳನ್ನ ಸಾಲಾಗಿ ಜೋಡಿಸಿದ್ರೆ ಒಂದು ಲಕ್ಷ ಕಿಲೋಮೀಟರ್. ಐವತ್ತು ಕಿಲೋ ಮಾಂಸಖಂಡ ನಮ್ಮಲ್ಲಿ ಯಾರಿಗಿದೆ, ಹೇಳಿ? 2021ರಲ್ಲಿ ಮತ್ತೆ ಲೆಕ್ಕ ಹಾಕಿದವರು ಒಂಬತ್ತರಿಂದ ಹತ್ತೊಂಬತ್ತು ಸಾವಿರ ಕಿಲೋಮೀಟರ್ ಇರಬಹುದು ಅಂದ್ರು. ಅದೂ ಕಡಿಮೆಯೇನಲ್ಲ ಬಿಡಿ.

ಈಗ ಪೈಪಿನ ವಿಷಯ. ಎಡವಟ್ಟೆಲ್ಲ ಇರೋದು ಇಲ್ಲೇ. ಪೈಪಿಗೆ ಜೀವ ಇಲ್ಲ, ನೀರು ಹೇಗೆ ಬಂದ್ರೂ ಅದು ಸುಮ್ಮನೆ ಬಿದ್ದಿರುತ್ತೆ. ಅಪಧಮನಿ, ಅಂದ್ರೆ ಆರ್ಟರಿ, ಹಾಗಲ್ಲ. ಅದರ ಗೋಡೆಯಲ್ಲಿ ಮೂರು ಪದರ ಇದೆ. ನಡುವಿನ ಪದರದಲ್ಲಿ ಸ್ನಾಯು ಇದೆ, ಅದು ಬಿಗಿಯುತ್ತೆ, ಸಡಿಲ ಆಗುತ್ತೆ. ನೀವು ಮೆಟ್ಟಿಲು ಹತ್ತುವಾಗ ಕಾಲಿಗೆ ಹೋಗೋ ನಾಳ ಅಗಲ ಆಗುತ್ತೆ, ಚಳಿಯಾದ್ರೆ ಚರ್ಮದ ನಾಳ ಕಿರಿದಾಗುತ್ತೆ. ಇಷ್ಟು ಕಿರಿದಾದ್ರೆ ಏನು ಮಹಾ ಅನ್ನಿಸಬಹುದು. ಆದ್ರೆ ಸಣ್ಣ ನಾಳದ ಅಗಲ ಅರ್ಧ ಆದ್ರೆ ರಕ್ತಕ್ಕೆ ಎದುರಾಗೋ ತಡೆ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು ಏರುತ್ತೆ. ಬಿಪಿ ಏರೋದು ಇಳಿಯೋದು ಮುಖ್ಯವಾಗಿ ಈ ಸಣ್ಣ ನಾಳಗಳ ಕೈಯಲ್ಲೇ ಇರೋದು.

ಎಲ್ಲಕ್ಕಿಂತ ಒಳಗಿನ ಪದರ ನನಗೆ ತುಂಬಾ ಇಷ್ಟ. ಎಂಡೋಥೀಲಿಯಂ ಅಂತಾರೆ. ಒಂದೇ ಒಂದು ಜೀವಕೋಶದಷ್ಟು ದಪ್ಪ. ಬಹಳ ಕಾಲ ಅದೊಂದು ಒಳ ಹೊದಿಕೆ ಅಷ್ಟೇ ಅಂದ್ಕೊಂಡಿದ್ರು. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ಅಪಧಮನಿಯ ಚೂರುಗಳ ಮೇಲೆ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಹಾಕಿ ನೋಡ್ತಿದ್ರು. ಒಂದೊಂದು ಸಲ ಚೂರು ಸಡಿಲ ಆಗ್ತಿತ್ತು, ಒಂದೊಂದು ಸಲ ಆಗ್ತಿರಲಿಲ್ಲ. ಕೊನೆಗೆ ಗೊತ್ತಾಗಿದ್ದೇನು ಅಂದ್ರೆ, ಚೂರು ಸಿದ್ಧ ಮಾಡುವಾಗ ಕೈ ತಾಗಿ ಆ ಒಳಪದರ ಉಜ್ಜಿಹೋಗಿದ್ರೆ ಸಡಿಲ ಆಗ್ತಿರಲಿಲ್ಲ. ಪದರ ಇದ್ರೆ ಆಗ್ತಿತ್ತು. 1980ರಲ್ಲಿ ಅದನ್ನ ಪ್ರಕಟಿಸಿದ್ರು. ಅಂದ್ರೆ ಆ ಪದರವೇ ಸ್ನಾಯುವಿಗೆ ಏನೋ ಹೇಳಿ ಕಳಿಸ್ತಿದೆ! ಆ 'ಏನೋ' ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಅಂತ ಆಮೇಲೆ ಗೊತ್ತಾಯ್ತು, 1998ರಲ್ಲಿ ಮೂವರಿಗೆ ನೊಬೆಲ್ ಬಂತು. ತಮಾಷೆ ಏನು ಅಂದ್ರೆ, ಎದೆನೋವಿಗೆ ನಾಲಿಗೆ ಕೆಳಗೆ ಇಡೋ ನೈಟ್ರೋಗ್ಲಿಸರಿನ್ ಮಾತ್ರೆ ಕೆಲಸ ಮಾಡೋದೂ ಇದೇ ಅನಿಲದಿಂದ. ಡೈನಮೈಟಿಗೆ ಅದನ್ನೇ ತುಂಬಿ ದುಡ್ಡು ಮಾಡಿದ ಆಲ್‌ಫ್ರೆಡ್ ನೊಬೆಲ್‌ಗೂ ಕೊನೆಗಾಲದಲ್ಲಿ ಡಾಕ್ಟರು ಅದನ್ನೇ ಬರೆದುಕೊಟ್ಟಿದ್ರು.

ಈ ಪದರ ಚೆನ್ನಾಗಿದ್ರೆ ನಾಳ ಸಡಿಲವಾಗಿರುತ್ತೆ, ರಕ್ತ ಸುಮ್ಮಸುಮ್ಮನೆ ಹೆಪ್ಪುಗಟ್ಟಲ್ಲ. ಬಿಪಿಯ ಒತ್ತಡ, ಸಿಗರೇಟಿನ ಹೊಗೆ, ಹತೋಟಿ ತಪ್ಪಿದ ಶುಗರ್ ಇವೆಲ್ಲ ಮೊದಲು ಏಟು ಕೊಡೋದು ಇದಕ್ಕೇ. ಏಟು ತಿಂದ ಜಾಗದಲ್ಲಿ ಎಲ್‌ಡಿಎಲ್, ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ಅದರ ಕಣಗಳು ಪದರದ ಕೆಳಗೆ ನುಸುಳಿ ಅಲ್ಲೇ ಸಿಕ್ಕಿಬೀಳುತ್ತವೆ. ನಾಳ ಕವಲೊಡೆಯೋ ಕಡೆ ಇದು ಹೆಚ್ಚು, ಯಾಕಂದ್ರೆ ಅಲ್ಲಿ ರಕ್ತ ನೇರವಾಗಿ ಹರಿಯದೆ ಸುಳಿ ಸುತ್ತುತ್ತೆ. ಸಿಕ್ಕಿಬಿದ್ದ ಕೊಬ್ಬನ್ನ ತಿಂದುಹಾಕೋಕೆ ಬಿಳಿ ರಕ್ತಕಣಗಳು ಬರ್ತವೆ, ತಿಂದು ತಿಂದು ಉಬ್ಬಿ ಅವೂ ಅಲ್ಲೇ ಉಳಿದುಬಿಡುತ್ತವೆ. ಅದರ ಮೇಲೆ ನಾರಿನಂಥ ಒಂದು ಮುಚ್ಚಳ ಬೆಳೆಯುತ್ತೆ. ನೀವೆಲ್ಲ ಬ್ಲಾಕೇಜ್ ಅನ್ನೋದು ಇದಕ್ಕೇ. ನೋಡಿ ದೊಡ್ಡಪ್ಪ, ಇಷ್ಟೂ ನಡೀತಿರೋದು ಗೋಡೆಯೊಳಗೆ, ಪದರದ ಕೆಳಗೆ. ಹರಿಯೋ ರಕ್ತಕ್ಕೆ ತಾಗೋ ಹಾಗೆ ಅಲ್ಲಿ ಕೊಳೆ ಅಂತ ಏನೂ ಅಂಟಿಕೊಂಡಿಲ್ಲ. ಆ ಪುಡಿ ಹೋಗಿ ಏನನ್ನ ತೊಳೆಯುತ್ತೆ?

ಇನ್ನೂ ಒಂದಿದೆ. ಕೊಬ್ಬು ತುಂಬ್ತಾ ಹೋದ ಹಾಗೆ ಗೋಡೆ ಮೊದಲು ಹೊರಗಡೆಗೆ ಉಬ್ಬುತ್ತೆ. ಒಳದಾರಿ ಹಾಗೇ ಇರುತ್ತೆ. ನಾಳದ ಸುಮಾರು ನಲವತ್ತು ಪರ್ಸೆಂಟ್ ಜಾಗ ಕೊಬ್ಬು ನುಂಗೋವರೆಗೂ ದಾರಿ ಅಷ್ಟಾಗಿ ಕಿರಿದಾಗಲ್ಲ ಅಂತ 1987ರಲ್ಲೇ ತೋರಿಸಿದಾರೆ. ಅದಕ್ಕೇ ವರ್ಷಗಟ್ಟಲೆ ಏನೂ ಗೊತ್ತಾಗಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ ಮುನ್ನೂರು ಅಮೆರಿಕನ್ ಸೈನಿಕರ ಹೃದಯ ಬಿಚ್ಚಿ ನೋಡಿ 1953ರಲ್ಲಿ ವರದಿ ಮಾಡಿದ್ರು. ಸರಾಸರಿ ವಯಸ್ಸು ಇಪ್ಪತ್ತೆರಡು, ಮುಕ್ಕಾಲು ಪಾಲಿಗಿಂತ ಜಾಸ್ತಿ ಹುಡುಗರ ನಾಳದಲ್ಲಿ ಆಗಲೇ ಕಾಯಿಲೆಯ ಗುರುತು. ಇದು ನಿಮಗಿಂತ ಗ್ರೂಪಿನಲ್ಲಿರೋ ಹುಡುಗರಿಗೆ ಹೇಳಿದ್ದು. ಕೇಳಿಸ್ಕೊಂಡು ಸುಮ್ಮನಿದ್ದಾರೆ, ಗೊತ್ತು ನನಗೆ.

ಹಾರ್ಟ್ ಅಟ್ಯಾಕ್ ಆಗೋದು ದಾರಿ ನಿಧಾನಕ್ಕೆ ಮುಚ್ಚಿಹೋಗಿ ಅಂತ ಎಲ್ಲರೂ ಅಂದ್ಕೋತಾರೆ. ಸಾಮಾನ್ಯವಾಗಿ ಹಾಗಲ್ಲ. ಆ ಮುಚ್ಚಳ ತೆಳುವಾಗಿದ್ರೆ ಒಂದು ದಿನ ಹರಿದುಹೋಗುತ್ತೆ, ಒಳಗಿದ್ದಿದ್ದು ರಕ್ತಕ್ಕೆ ತಾಗುತ್ತೆ, ತಾಗಿದ ತಕ್ಷಣ ಅಲ್ಲಿ ಹೆಪ್ಪು ಕಟ್ಟುತ್ತೆ. ನಿನ್ನೆವರೆಗೂ ಆರಾಮಾಗಿ ಓಡಾಡಿಕೊಂಡಿದ್ದೋರು ಇವತ್ತು ಹೀಗಾದ್ರು ಅಂತೀವಲ್ಲ, ಅದು ಇದೇ. ಹೃದಯದ ನಾಳದಲ್ಲಾದ್ರೆ ಹಾರ್ಟ್ ಅಟ್ಯಾಕ್, ಮೆದುಳಿನ ನಾಳ ಮುಚ್ಚಿದ್ರೆ ಲಕ್ವ. ಬಾಯಿ ಒಂದು ಕಡೆ ಸೊಟ್ಟ ಆಯ್ತು, ಒಂದು ಕೈ ಎತ್ತೋಕಾಗ್ತಿಲ್ಲ, ಮಾತು ತೊದಲ್ತಿದೆ ಅಂದ್ರೆ ಮಲಗಿಸಿ ಕಾಯಬೇಡಿ. ಹೆಪ್ಪು ಕರಗಿಸೋ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರೋದು ನಾಲ್ಕೂವರೆ ಗಂಟೆ, ಅದೂ ಲಕ್ಷಣ ಶುರುವಾದ ಹೊತ್ತಿಂದ. ಹತ್ತು ನಿಮಿಷದಲ್ಲಿ ತಾನೇ ಸರಿಹೋದ್ರೂ ಹೋಗಿ ತೋರಿಸಲೇಬೇಕು.

ನಿಮ್ಮ ಮಾತ್ರೆ ಏನು ಮಾಡುತ್ತೆ ಅಂತ ಈಗ ಹೇಳಿದ್ರೆ ಅರ್ಥ ಆಗುತ್ತೆ. ಅದು ನಾಳ ತೊಳೆಯೋಕೆ ಹೋಗಲ್ಲ. ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಾಗೋದನ್ನ ತಗ್ಗಿಸುತ್ತೆ. ಆಗ ಲಿವರು ರಕ್ತದಲ್ಲಿರೋ ಎಲ್‌ಡಿಎಲ್ ಅನ್ನ ಹೆಚ್ಚು ಎಳ್ಕೊಳ್ಳುತ್ತೆ, ಗೋಡೆಗೆ ನುಸುಳೋ ಕಣ ಕಡಿಮೆ ಆಗುತ್ತೆ. ವರ್ಷಗಳ ಮೇಲೆ ಕೊಬ್ಬು ಕೊಂಚ ಕುಗ್ಗಲೂಬಹುದು, ಮುಚ್ಚಳ ಮಾತ್ರ ಗಟ್ಟಿಯಾಗುತ್ತೆ. ನನ್ನ ಪ್ರಕಾರ ಮುಖ್ಯ ಲಾಭ ಅದೇ. ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ನಾರ್ಮಲ್ ಬಂತು ಅಂತಲೂ ನಿಲ್ಲಿಸಬೇಡಿ, ನಾರ್ಮಲ್ ಬಂದಿರೋದೇ ಮಾತ್ರೆಯಿಂದ. ಮೈಕೈ ನೋವು ಬರ್ತಿದ್ರೆ ಡಾಕ್ಟರಿಗೆ ಹೇಳಿ, ಡೋಸ್ ಕಡಿಮೆ ಮಾಡ್ತಾರೆ ಇಲ್ಲಾ ಬೇರೆ ಮಾತ್ರೆ ಕೊಡ್ತಾರೆ. ಇನ್ನು ಸ್ಟೆಂಟ್ ಹಾಕಿಸ್ಕೊಂಡೋರು ಎಲ್ಲಾ ಕ್ಲೀನ್ ಆಯ್ತು ಅಂದ್ಕೋತಾರೆ. ಸ್ಟೆಂಟ್ ತೆರೆಯೋದು ಒಂದು ಜಾಗನ, ಗೋಡೆ ಉದ್ದಕ್ಕೂ ಇದೆ.

ಬಿಪಿ, ಶುಗರ್, ಉಪ್ಪಿನ ಬಗ್ಗೆ ನಿಮಗೆ ಎಲ್ಲರೂ ಹೇಳಿರ್ತಾರೆ, ನಾನು ಮತ್ತೆ ಕೊರೆಯಲ್ಲ. ನಡಿಗೆ ಬಗ್ಗೆ ಮಾತ್ರ ಒಂದು ಮಾತು. ಬಿರುಸಾಗಿ ನಡೆದಾಗ ರಕ್ತ ಆ ಒಳಪದರವನ್ನ ಸವರ್ಕೊಂಡು ಜೋರಾಗಿ ಹರಿಯುತ್ತೆ, ಆ ಸವರಿಕೆಗೇ ಅದು ನೈಟ್ರಿಕ್ ಆಕ್ಸೈಡ್ ಬಿಡೋದು. ಹಾಗಾಗಿ ತೂಕ ಒಂದು ಗ್ರಾಂ ಇಳೀದೇ ಇದ್ರೂ ನಡಿಗೆ ದಂಡ ಅಲ್ಲ. ವಾರಕ್ಕೆ ನೂರೈವತ್ತು ನಿಮಿಷ ಸಾಕು. ನಡೆಯುವಾಗ ಮೀನಖಂಡ ಹಿಡಿದು, ನಿಂತರೆ ಹೋಗಿ, ಮತ್ತೆ ನಡೆದ್ರೆ ಬಂದ್ರೆ ವಯಸ್ಸಾಯ್ತು ಅಂತ ತಳ್ಳಿಹಾಕಬೇಡಿ, ಕಾಲಿನ ಅಪಧಮನಿ ಕಿರಿದಾಗಿರಬಹುದು. ಕಾಲಿನದೂ ತೋಳಿನದೂ ಬಿಪಿ ಹೋಲಿಸಿ ನೋಡೋ ಪರೀಕ್ಷೆ ಇದೆ, ಸೂಜಿ ಚುಚ್ಚೋದೂ ಇಲ್ಲ. ಸಿಗರೇಟು ಯಾರು ಸೇದ್ತಾರೆ ಅಂತ ಹೆಸರು ಹೇಳಲ್ಲ. ಬಿಟ್ಟು ಒಂದು ವರ್ಷಕ್ಕೆ, ಸೇದೋದ್ರಿಂದ ಹೆಚ್ಚಾಗಿದ್ದ ಹೃದಯದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತೆ.

ಚಿಕ್ಕಮ್ಮ, ನಿಮ್ಮ ಕಾಲು ಊತದ್ದು ಬೇರೆ ಲೆಕ್ಕ. ಅದು ಅಭಿಧಮನಿ ಕಡೆಯದ್ದು ಇರಬಹುದು, ಅಂದ್ರೆ ವಾಪಸ್ ಬರೋ ದಾರಿ. ಮೈಯ ರಕ್ತದಲ್ಲಿ ಮೂರನೇ ಎರಡು ಪಾಲು ಯಾವಾಗಲೂ ಅಲ್ಲೇ ಇರೋದು. ಅಲ್ಲಿ ಒತ್ತಡ ಕಡಿಮೆ, ಪಾದದಿಂದ ಮೇಲೆ ಹತ್ತಬೇಕು, ಅದಕ್ಕೆ ಒಳಗೆ ಕವಾಟಗಳಿವೆ, ಮೀನಖಂಡ ಹಿಂಡಿದಾಗ ರಕ್ತ ಮೇಲಕ್ಕೆ ಹೋಗುತ್ತೆ, ಕವಾಟ ಕೆಳಗೆ ಬರೋಕೆ ಬಿಡಲ್ಲ. ವಿಲಿಯಂ ಹಾರ್ವೆ 1628ರಲ್ಲಿ ರಕ್ತ ಸುತ್ತು ಹೊಡೆಯುತ್ತೆ ಅಂತ ಸಾಧಿಸಿದ್ದಕ್ಕೆ ಈ ಕವಾಟಗಳೂ ಒಂದು ಸಾಕ್ಷಿ. ಗಂಟೆಗಟ್ಟಲೆ ಕೂತರೆ ಹಿಂಡೋರೇ ಇಲ್ಲ, ಊದುತ್ತೆ. ಎದ್ದು ಓಡಾಡಿ, ಆಗದಿದ್ರೆ ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ. ಎರಡೂ ಕಾಲು ಊದಿ, ರಾತ್ರಿ ಮಲಗಿ ಎದ್ದಾಗ ಇಳಿದಿದ್ರೆ ಇವತ್ತೇ ಓಡಬೇಕಿಲ್ಲ, ಆದ್ರೆ ದಿನಾ ಆಗ್ತಿದ್ರೆ ಒಮ್ಮೆ ತೋರಿಸಿ, ಹೃದಯ, ಕಿಡ್ನಿಯಿಂದಲೂ ಆಗಬಹುದು. ಒಂದೇ ಕಾಲು ಊದಿ, ಮೀನಖಂಡ ನೋವು, ಮುಟ್ಟಿದ್ರೆ ಬಿಸಿ ಅಂದ್ರೆ ಒಳಗೆ ಹೆಪ್ಪು ಇರಬಹುದು, ಇವತ್ತೇ ಹೋಗಬೇಕು. ಜೊತೆಗೆ ಉಸಿರು ಕಟ್ಟಿದ್ರೆ ಒಂದು ನಿಮಿಷಾನೂ ತಡ ಮಾಡೋ ಹಾಗಿಲ್ಲ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಯಾರೂ ಊದಿದ ಕಾಲನ್ನ ತಿಕ್ಕೋಕೆ ಹೋಗಬೇಡಿ.

ನೀವು ಫೋಟೋದಲ್ಲಿ ಬರೀ ಪಾದ ಕಳಿಸಿದೀರಿ ಚಿಕ್ಕಮ್ಮ. ಒಂದೇ ಕಾಲಾ, ಎರಡೂನಾ? ಅದನ್ನ ಮೊದಲು ಹೇಳಿ.