ಚಳಿ ಬಿಡುವ ಹೊತ್ತಿಗೆ ಹಿತ್ತಿಲಲ್ಲಿ ಪತಂಗ: ಮೂರು ರಾತ್ರಿ ಇಟ್ಟೆ, ಸಿಕ್ಕಿದ್ದು ಒಂದೇ!

ಕೇಳಿದ್ದು – ಹೊಸ ಬಕೆಟ್

ಎಲ್ಲರಿಗೂ ನಮಸ್ಕಾರ. ಹಿತ್ತಿಲಿಗೆ ಯಾವ ಯಾವ ಪತಂಗ ಬರುತ್ತದೆ ನೋಡೋಣ ಅಂತ ನಾನೇ ಒಂದು ಬೆಳಕಿನ ಬಲೆ ಮಾಡಿಕೊಂಡೆ. ಒಂದು ಬಕೆಟ್, ಅದರ ಬಾಯಿಗೆ ಆಲಿಕೆ, ಆಲಿಕೆಯ ಮೇಲೆ ನೇರಳೆ ಎಲ್‌ಇಡಿಯ ಚಿಕ್ಕ ಪಟ್ಟಿ. ಪವರ್ ಬ್ಯಾಂಕ್‌ನಿಂದ ಉರಿಯುತ್ತದೆ. ಒಳಗೆ ಕೂರಲು ಮೊಟ್ಟೆ ಟ್ರೇ ಹಾಕಿದ್ದೇನೆ. ಚಳಿ ಈಗಷ್ಟೇ ಬಿಡುತ್ತಿದೆ, ಮೊದಲ ಹೂಗಳು ಬಿಟ್ಟಿವೆ. ಮೂರು ರಾತ್ರಿ ಇಟ್ಟೆ. ಸಿಕ್ಕಿದ್ದು ಒಂದೇ ಒಂದು ಕಂದು ಪತಂಗ. ದೀಪ ಹಚ್ಚಿ ಮಲಗುತ್ತೇನೆ, ಬೆಳಿಗ್ಗೆ ನೋಡುವಾಗ ಆರಿರುತ್ತದೆ. ಚಾರ್ಜ್ ಮುಗಿದಿರಬೇಕು. ಇದು ತೀರಾ ಬೇಗ ಆಯಿತಾ? ಇನ್ನೊಂದು, ನಿನ್ನೆ ನಾನು ಏಳುವಷ್ಟರಲ್ಲಿ ಒಂದು ಹಕ್ಕಿ ಬಕೆಟ್‌ನ ಅಂಚಿನ ಮೇಲೆ ಕೂತು ಕಾಯುತ್ತಿತ್ತು. ಮಾಡಿ ಗೊತ್ತಿರುವವರು ನಿಮ್ಮ ಅನುಭವ ಹೇಳ್ತೀರಾ?

ರಾತ್ರಿಪಾಳಿ

ಒಂದು ಸಿಕ್ಕಿದೆ ಅಲ್ವಾ, ಅಂದರೆ ಬಲೆ ಕೆಲಸ ಮಾಡುತ್ತಿದೆ. ಬೇಜಾರು ಬೇಡ. ಮೊದಲ ವರ್ಷ ಇದೇ ಹೊತ್ತಿನಲ್ಲಿ ನಾನು ಹನ್ನೊಂದು ರಾತ್ರಿ ಇಟ್ಟಿದ್ದೆ. ಅದರಲ್ಲಿ ಆರು ರಾತ್ರಿ ಬರೀ ಸೊನ್ನೆ.

ಈ ಕಾಲದಲ್ಲಿ ದೀಪಕ್ಕಿಂತ ರಾತ್ರಿಯ ಹವೆ ಮುಖ್ಯ. ಪತಂಗ ಹಾರಬೇಕಾದರೆ ಅದರ ಎದೆಯ ಸ್ನಾಯು ಮೊದಲು ಬಿಸಿಯಾಗಬೇಕು. ಅದಕ್ಕೇ ಹಾರುವ ಮುಂಚೆ ಕೂತಲ್ಲೇ ರೆಕ್ಕೆ ಅದುರಿಸುತ್ತದೆ, ಗಮನಿಸಿ ನೋಡಿ. ಚಳಿಗೆ ಒಗ್ಗಿದ ಕೆಲವು ಜಾತಿಗಳು ಹೊರಗೆ ಸೊನ್ನೆ ಡಿಗ್ರಿ ಆಸುಪಾಸು ಇದ್ದರೂ ಹೀಗೆ ನಡುಗಿ ನಡುಗಿಯೇ ಎದೆಯನ್ನು ಸುಮಾರು 30 ಡಿಗ್ರಿ ಸೆಲ್ಸಿಯಸ್‌ಗೆ ತರುತ್ತವೆ. ಮೈಮೇಲಿನ ದಟ್ಟ ತುಪ್ಪಳ ಆ ಬಿಸಿಯನ್ನು ಹಿಡಿದಿಡುತ್ತದೆ. ಆದರೆ ಅಂಥ ಗಟ್ಟಿಗರು ಕಡಿಮೆ. ಉಳಿದವು ಎಲೆಯಡಿ, ತೊಗಟೆಯ ಸಂದಿಯಲ್ಲಿ ತೆಪ್ಪಗೆ ಕೂತಿರುತ್ತವೆ.

ಮೋಡ ಮುಚ್ಚಿರಬೇಕು, ಗಾಳಿ ಇರಬಾರದು, ಹೊರಗೆ ನಿಂತರೆ ಚಳಿ ಅನಿಸಬಾರದು. ಅಂಥ ರಾತ್ರಿಗೆ ಕಾಯಿರಿ. ನಕ್ಷತ್ರ ಹೊಳೆಯುವ ತಿಳಿ ಆಕಾಶ ನಮಗೆ ಚೆಂದ, ಬಲೆಗೆ ದಂಡ. ನೆಲದ ಬಿಸಿಯೆಲ್ಲ ಮೇಲೆ ಹೋಗಿಬಿಡುತ್ತದೆ. ಹುಣ್ಣಿಮೆಯ ಹತ್ತಿರವಂತೂ ನಿಮ್ಮ ಚಿಕ್ಕ ದೀಪವನ್ನು ಯಾರೂ ಕೇಳುವುದಿಲ್ಲ. ನನ್ನ ಲೆಕ್ಕ ಹೀಗೆ: ಕತ್ತಲಾಗುವಾಗ 10 ಡಿಗ್ರಿಗಿಂತ ಜಾಸ್ತಿ ಇದ್ದರೆ ಇಡುತ್ತೇನೆ, 5ಕ್ಕಿಂತ ಕಡಿಮೆ ಇದ್ದರೆ ಸುಮ್ನೆ ಮಲಗುತ್ತೇನೆ.

ವಾರಕ್ಕೊಮ್ಮೆ

ರಾತ್ರಿಪಾಳಿಯವರ ಮಾತಿಗೆ ನನ್ನದೊಂದು ತಕರಾರು. ಒಳ್ಳೆಯ ರಾತ್ರಿ ಮಾತ್ರ ಆರಿಸಿಕೊಂಡರೆ ಬಕೆಟ್ ತುಂಬುತ್ತದೆ, ನಿಜ. ಆದರೆ ಈ ವರ್ಷ ಪತಂಗ ಜಾಸ್ತಿಯೋ ಕಡಿಮೆಯೋ ಅಂತ ಮುಂದಿನ ವರ್ಷ ಕೇಳಿದರೆ ಹೇಳಲು ಆಗುವುದಿಲ್ಲ. ನಾನು ವಾರಕ್ಕೆ ಒಂದು ರಾತ್ರಿ ಅಂತ ಗೊತ್ತು ಮಾಡಿಕೊಂಡಿದ್ದೇನೆ. ಅದೇ ಜಾಗ, ಅದೇ ದೀಪ. ಬಿರುಗಾಳಿ, ಜೋರು ಮಳೆ ಇದ್ದರೆ ಮಾತ್ರ ರಜೆ.

ಸೊನ್ನೆ ಬಂದರೂ ಪುಸ್ತಕದಲ್ಲಿ ಬರೆಯಿರಿ. ತಾರೀಖು, ದೀಪ ಹಚ್ಚಿದ ಹೊತ್ತು, ಆರಿಸಿದ ಹೊತ್ತು, ಉಷ್ಣಾಂಶ, ಮೋಡ, ಗಾಳಿ, ಚಂದ್ರ. ಎರಡು ನಿಮಿಷದ ಕೆಲಸ. ಬರೆಯದ ಸೊನ್ನೆಗೂ, ಬಲೆಯೇ ಇಡದ ರಾತ್ರಿಗೂ ಆಮೇಲೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸುಮ್ನೆ ಖುಷಿಗೆ ನೋಡುವುದಾದರೆ ಅವರ ದಾರಿಯೇ ಸರಿ ಬಿಡಿ.

ತಂತಿ ಪೆಟ್ಟಿಗೆ

ಎಲ್ಲರೂ ಹವೆಯ ಮಾತಾಡುತ್ತಿದ್ದೀರಿ. ನನಗೆ ಇನ್ನೊಂದು ಅನುಮಾನ. ಹೊಸ ಬಕೆಟ್‌ನವರೇ, ಬೆಳಿಗ್ಗೆ ಪವರ್ ಬ್ಯಾಂಕ್‌ನಲ್ಲಿ ಎಷ್ಟು ಚಾರ್ಜ್ ಉಳಿದಿತ್ತು ನೋಡಿದ್ದೀರಾ? ಎಷ್ಟೋ ಪವರ್ ಬ್ಯಾಂಕ್‌ಗಳು ಕರೆಂಟ್ ತೀರಾ ಕಡಿಮೆ ಹೋಗುತ್ತಿದ್ದರೆ ಫೋನ್ ಚಾರ್ಜ್ ಆಯಿತು ಅಂದುಕೊಂಡು ತಾವೇ ಆಫ್ ಆಗುತ್ತವೆ. ಚಿಕ್ಕ ಎಲ್‌ಇಡಿ ಪಟ್ಟಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಇವತ್ತು ದೀಪ ಹಚ್ಚಿ, ಒಳಗೆ ಹೋಗದೆ ಅಲ್ಲೇ ನಿಂತು ನೋಡಿ.

ಇನ್ನು ಪಟ್ಟಿಯ ಮೇಲೆ ಏನು ಬರೆದಿದೆ? ಬೆಳಕಿನ ತರಂಗಾಂತರ 395 ನ್ಯಾನೋಮೀಟರ್ ಅಂತ ಇದ್ದರೆ ನಮ್ಮ ಕಣ್ಣಿಗೆ ಚೆನ್ನಾಗಿ ನೇರಳೆ ಕಾಣುತ್ತದೆ. ಪತಂಗಕ್ಕೆ 365ರದ್ದು ಮೇಲು. ಅದು ನಮಗೆ ಮಂಕಾಗಿ ಕಾಣುತ್ತದೆ, ಹಾಗಂತ ಬಗ್ಗಿ ದಿಟ್ಟಿಸಬೇಡಿ, ಕಣ್ಣಿಗೆ ಕೆಟ್ಟದ್ದು. ಹತ್ತಿರ ಕೆಲಸ ಇದ್ದರೆ ಯುವಿ (ನೇರಳಾತೀತ ಕಿರಣ) ತಡೆಯುವ ಕನ್ನಡಕ ಹಾಕಿಕೊಳ್ಳಿ.

ಹಳಬರು 125 ವಾಟ್‌ನ ಪಾದರಸದ ಬಲ್ಬ್ ಬಳಸುತ್ತಿದ್ದರು. ರಾಬಿನ್ಸನ್ ಬಲೆ ಅನ್ನುವ ದೊಡ್ಡ ದುಂಡು ಬಲೆಗೆ ಅದೇ ಜೀವಾಳ. ಬೆಳಕು ಭರ್ಜರಿ, ತಾಪತ್ರಯವೂ ಭರ್ಜರಿ. ಚೋಕ್ ಬೇಕು, ಬಿಸಿ ಗಾಜಿಗೆ ಮಳೆಹನಿ ಬಿದ್ದರೆ ಸಿಡಿಯಬಹುದು, ಒಮ್ಮೆ ಆರಿದರೆ ತಣ್ಣಗಾಗುವವರೆಗೆ ಮತ್ತೆ ಹತ್ತುವುದಿಲ್ಲ, ಪಕ್ಕದ ಮನೆಯವರ ಮಲಗುವ ಕೋಣೆಯೂ ಬೆಳಗುತ್ತದೆ. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ ಮಿನಮಾಟಾ ಒಪ್ಪಂದದಲ್ಲಿ ಸಾಮಾನ್ಯ ಬೆಳಕಿಗೆ ಬಳಸುವ ಈ ಬಲ್ಬುಗಳಿಗೆ 2020ರ ಗಡುವು ಹಾಕಿದ ಮೇಲೆ ಅವು ಸಿಗುವುದೂ ಕಷ್ಟ. ಹೊಸಬರಿಗೆ ನಾನಂತೂ ಹೇಳುವುದಿಲ್ಲ. ಮನೆಯ ಕರೆಂಟನ್ನೇ ಎಳೆಯುವುದಾದರೆ, ಸೋರಿಕೆ ಆದ ಕೂಡಲೇ ಕಟ್ ಆಗುವ ಸ್ವಿಚ್ ಇಲ್ಲದೆ ಒದ್ದೆ ನೆಲದ ಮೇಲೆ ತಂತಿ ಹಾಯಿಸಲೇಬೇಡಿ.

ಬಿಳಿ ಬಟ್ಟೆ

ಈ ಕಾಲಕ್ಕೆ ಬಕೆಟ್ ಯಾಕೆ ಬೇಕು? ಒಂದು ಬಿಳಿ ಬಟ್ಟೆ ಹಗ್ಗಕ್ಕೆ ಇಳಿಬಿಟ್ಟು, ಮುಂದೆ ದೀಪ ಇಟ್ಟು, ಕತ್ತಲಾದ ಮೇಲೆ ಎರಡು ಗಂಟೆ ಕೂತರೆ ಸಾಕು. ಚಳಿ ಏರುವ ಮುಂಚಿನ ಆ ಹೊತ್ತಿನಲ್ಲೇ ನನಗೆ ಹೆಚ್ಚು ಸಿಕ್ಕಿವೆ. ಬಕೆಟ್ ಇಟ್ಟವರೂ ಸುತ್ತಲಿನ ಗೋಡೆ, ಹುಲ್ಲು, ಬಕೆಟ್‌ನ ಹೊರಮೈ ನೋಡಬೇಕು. ದೀಪದವರೆಗೆ ಬಂದು ಒಳಗೆ ಬೀಳದೆ ಹೊರಗೇ ಕೂರುವವು ಬಹಳ.

ದೀಪದ ಮೇಲಿನ ಆಸೆಗೆ ಪತಂಗ ಬರುತ್ತದೆ ಅಂತ ನಾವೆಲ್ಲ ನಂಬಿದ್ದೆವು. 2024ರಲ್ಲಿ ಬಂದ ಒಂದು ಅಧ್ಯಯನ ಬೇರೆಯೇ ಹೇಳುತ್ತದೆ. ವೇಗದ ಕ್ಯಾಮೆರಾದಲ್ಲಿ ನೋಡಿದರೆ ಹುಳು ದೀಪದ ಕಡೆ ಮುಖ ಮಾಡುವುದಿಲ್ಲ, ಬೆನ್ನು ತಿರುಗಿಸುತ್ತದೆ! ರಾತ್ರಿಯಲ್ಲಿ ನೆಲಕ್ಕಿಂತ ಆಕಾಶವೇ ಬೆಳಕು, ಹಾಗಾಗಿ ಬೆಳಕು ಇರುವ ಕಡೆ ಬೆನ್ನು ಇಟ್ಟು ಹಾರುವುದು ಅವುಗಳ ರೂಢಿ. ಪಕ್ಕದಲ್ಲಿ ದೀಪ ಬಂದರೆ ಮೇಲು ಕೆಳಗು ತಪ್ಪಿ ಸುತ್ತುತ್ತಲೇ ಇರುತ್ತದೆ. ಇದನ್ನು ಓದಿದ ಮೇಲೆ ರಾತ್ರಿಯಿಡೀ ದೀಪ ಉರಿಸಲು ನನಗೆ ಮನಸ್ಸಾಗುವುದಿಲ್ಲ. ಎರಡು ಗಂಟೆ ನೋಡಿ ಆರಿಸುತ್ತೇನೆ.

ದೀಪವೇ ಬೇಡದ ದಾರಿಯೂ ಇದೆ. ಕಪ್ಪಗಾದ ಬಾಳೆಹಣ್ಣು ಕಿವುಚಿ, ಸಕ್ಕರೆ, ಸ್ವಲ್ಪ ಬಿಯರ್ ಸೇರಿಸಿ ಮುಸ್ಸಂಜೆಯಲ್ಲಿ ಮರದ ಕಾಂಡಕ್ಕೆ ಬಳಿಯಿರಿ. ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿದು ಹೋಗಿ. ಹೂ ಬಿಟ್ಟ ಗಿಡಗಳನ್ನೂ ನೋಡಿ. ಹೂ ಕಡಿಮೆ ಇರುವ ಕಾಲ, ಇರುವಷ್ಟಕ್ಕೇ ಎಲ್ಲವೂ ಬರುತ್ತವೆ. ಹಾಗೇ ಮರದ ಕಾಂಡದ ಮೇಲೆ ರೆಕ್ಕೆಯೇ ಇಲ್ಲದ, ಜೇಡದಂತೆ ಕಾಣುವ ಹುಳು ಹತ್ತುತ್ತಿದ್ದರೆ ಒರೆಸಿ ಹಾಕಬೇಡಿ. ಚಳಿಯಲ್ಲಿ ಓಡಾಡುವ ಕೆಲವು ಪತಂಗಗಳಲ್ಲಿ ಹೆಣ್ಣಿಗೆ ರೆಕ್ಕೆ ಇರುವುದಿಲ್ಲ. ಅದು ನಿಮ್ಮ ಬಲೆಗೆ ಯಾವತ್ತೂ ಬೀಳುವುದಿಲ್ಲ.

ಕೋಳಿ ಕೂಗುವ ಮುಂಚೆ

ಹಕ್ಕಿಯ ವಿಷಯಕ್ಕೆ ಯಾರೂ ಬರಲೇ ಇಲ್ಲವಲ್ಲ! ಹಕ್ಕಿಗೆ ಒಂದು ಸಲ ರುಚಿ ಹತ್ತಿತು ಅಂದರೆ ಮುಗಿಯಿತು, ನಿಮಗಿಂತ ಮುಂಚೆ ಹಾಜರಿ ಹಾಕುತ್ತದೆ. ನನ್ನ ಹಿತ್ತಿಲಲ್ಲಿ ಒಂದು ಹಕ್ಕಿ ಆಲಿಕೆಯೊಳಗೆ ಇಳಿಯುವುದನ್ನೇ ಕಲಿತಿತ್ತು. ಒಂದು ಬೆಳಿಗ್ಗೆ ಬಕೆಟ್‌ನಲ್ಲಿ ಬರೀ ರೆಕ್ಕೆಗಳು. ಅವತ್ತು ತುಂಬಾ ಬೇಸರವಾಯಿತು, ತಪ್ಪು ನನ್ನದೇ.

ಈಗ ಬೆಳಕು ಹರಿಯುವ ಮುಂಚೆ ಏಳುತ್ತೇನೆ. ಆಲಿಕೆಯ ಬಾಯಿಗೆ ಬಟ್ಟೆ ಮುಚ್ಚಿ, ಬಕೆಟ್ ಎತ್ತಿ ನೆರಳಿಗೆ ಇಡುತ್ತೇನೆ. ಮೊದಲು ಸುತ್ತ ಕೂತವನ್ನು ಎತ್ತಿ ಪೊದೆಗೆ ಸೇರಿಸುತ್ತೇನೆ. ಆಮೇಲೆ ಚಹಾ. ಟ್ರೇಗಳನ್ನು ಒಂದೊಂದಾಗಿ ಮೆಲ್ಲಗೆ ತಿರುಗಿಸಿ ಫೋಟೋ ತೆಗೆಯಿರಿ, ಕೊಡವಬೇಡಿ. ಪಕ್ಕದಲ್ಲಿ ಸ್ಕೇಲ್ ಇಡಿ. ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ಇದ್ದರೆ ಗುರುತು ಹಿಡಿಯುವವರಿಗೆ ಸುಲಭ. ರೆಕ್ಕೆಯ ಪುಡಿ ಉದುರಿದ ಹಳೆಯ ಪತಂಗಗಳ ಹೆಸರು ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ.

ಬಿಡುವಾಗ ದಟ್ಟ ಪೊದೆಯ ಬುಡದಲ್ಲಿ ಬಿಡಿ, ಬೋಳು ಹುಲ್ಲಿನ ಮೇಲಲ್ಲ. ತಣ್ಣಗಿರುವ ಪತಂಗ ಮುಟ್ಟಿದ ಕೂಡಲೇ ಹಾರಲಾರದು, ಸುಲಭವಾಗಿ ತುತ್ತಾಗುತ್ತದೆ. ಒಂದೇ ಜಾಗದಲ್ಲಿ ದಿನಾ ಬಲೆ ಇಡಬೇಡಿ. ಅವುಗಳದ್ದು ಚಿಕ್ಕ ಬದುಕು. ತಿನ್ನಬೇಕು, ಜೋಡಿ ಹುಡುಕಬೇಕು, ಮೊಟ್ಟೆ ಇಡಬೇಕು. ನಮ್ಮ ಬಕೆಟ್‌ನಲ್ಲಿ ಎಷ್ಟು ರಾತ್ರಿ ಅಂತ ಕಳೆಯುವುದು?

ಹೊಸ ಬಕೆಟ್

ತಂತಿ ಪೆಟ್ಟಿಗೆಯವರೇ, ನಿಮಗೆ ದೊಡ್ಡ ನಮಸ್ಕಾರ. ನಿನ್ನೆ ಹಚ್ಚಿ ಅಲ್ಲೇ ನಿಂತೆ. ಒಂದು ನಿಮಿಷವೂ ಆಗಲಿಲ್ಲ, ತಾನೇ ಆರಿತು! ಅಂದರೆ ಮೂರು ರಾತ್ರಿಯೂ ನಾನು ಹಿತ್ತಿಲಲ್ಲಿ ಇಟ್ಟದ್ದು ಬರೀ ಬಕೆಟ್. ಆ ಒಂದು ಪತಂಗ ಪಾಪ, ಮಲಗಲು ಜಾಗ ಹುಡುಕಿಕೊಂಡು ಬಂದಿತ್ತೇನೋ.

ರಾತ್ರಿಪಾಳಿ

ಬಲೆ ಕೆಲಸ ಮಾಡುತ್ತಿದೆ ಅಂದ ನನ್ನ ಮಾತನ್ನು ವಾಪಸ್ ತೆಗೆದುಕೊಂಡೆ.

ತಂತಿ ಪೆಟ್ಟಿಗೆ

ಕಡಿಮೆ ಕರೆಂಟ್‌ಗೂ ಆಫ್ ಆಗದ ಪವರ್ ಬ್ಯಾಂಕ್‌ಗಳಿವೆ. ಇಲ್ಲದಿದ್ದರೆ ಇನ್ನೊಂದು ಪಟ್ಟಿಯನ್ನೂ ಅದಕ್ಕೇ ಜೋಡಿಸಿ. ಎಳೆಯುವ ಕರೆಂಟ್ ಜಾಸ್ತಿಯಾದರೆ ಆರುವುದಿಲ್ಲ.

ಹೊಸ ಬಕೆಟ್

ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ಎರಡು ಪಟ್ಟಿ ಜೋಡಿಸಿದೆ. ನಿನ್ನೆ ಮೋಡ ಇತ್ತು, ಗಾಳಿ ಇರಲಿಲ್ಲ, ಕತ್ತಲಾಗುವಾಗ 11 ಡಿಗ್ರಿ. ಎರಡೂವರೆ ಗಂಟೆ ಉರಿಸಿ ಆರಿಸಿದೆ. ಒಳಗೆ ಐದು, ಗೋಡೆಯ ಮೇಲೆ ಎರಡು. ಅದರಲ್ಲಿ ಒಂದು ನಾನು ನೋಡುತ್ತಿದ್ದಂತೆ ರೆಕ್ಕೆ ಅದುರಿಸಲು ಶುರು ಮಾಡಿತು. ಸುಮಾರು ಹೊತ್ತು ಅದುರಿಸಿ, ಆಮೇಲೆ ನನ್ನ ಕಿವಿಯ ಪಕ್ಕದಲ್ಲೇ ಹಾರಿ ಹೋಯಿತು. ಫೋಟೋ ತೆಗೆಯಲು ಮರೆತೆ.